ಐದನೆಯ ಟೈರಿಗೂ ಸರದಿ ಬರಲಿ

ಏಳೆಂಟು ವರ್ಷ ಓಡಿಸಿದ ಕಾರನ್ನು ಮಾರುವ ದಿನ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದರೆ ಬಹಳಷ್ಟು ಕಾರುಗಳಲ್ಲಿ ಒಂದೇ ದೃಶ್ಯ. ಅಚ್ಚಿನಿಂದ ಹೊರಬಂದಾಗ ಇದ್ದ ಸಣ್ಣ ರಬ್ಬರ್ ಕೂದಲು ಕೂಡ ಉದುರದ ಸ್ಟೆಪ್ನಿ. ಅಷ್ಟರಲ್ಲಿ ಉಳಿದ ನಾಲ್ಕು ಟೈರುಗಳು ಒಂದು ಸಲವೋ ಎರಡು ಸಲವೋ ಬದಲಾಗಿರುತ್ತವೆ. ಈ ಐದನೆಯದು ಮಾತ್ರ ಓಡದೆಯೇ ಮುದಿಯಾಗಿರುತ್ತದೆ. ರಬ್ಬರಿಗೆ ಓಡಿದರೂ ವಯಸ್ಸಾಗುತ್ತದೆ, ಮಲಗಿದರೂ ಆಗುತ್ತದೆ. ದುಡ್ಡು ಕೊಟ್ಟು ತಂದ ಐದರಲ್ಲಿ ಒಂದು ಟೈರು ಹೀಗೆ ಕತ್ತಲಲ್ಲೇ ಸತ್ತುಹೋಗುತ್ತದೆ.

ಟೈರ್ ರೊಟೇಶನ್ ಎಂದರೆ ನಾಲ್ಕನ್ನು ಅದಲು ಬದಲು ಮಾಡುವುದು ಎಂದೇ ಹೆಚ್ಚಿನವರ ಲೆಕ್ಕ. ಸ್ಟೆಪ್ನಿಯೂ ಸೇರಿದರೆ ಕೆಲಸ ಹೆಚ್ಚುತ್ತದೆ ಎಂಬ ಭಾವನೆಯೂ ಇದೆ. ಮನೆಯಲ್ಲಿ ಒಂದೇ ಜಾಕ್ ಇಟ್ಟುಕೊಂಡು ಮಾಡುವವರಿಗೆ ಇದು ತಿರುವುಮುರುವು: ನಾಲ್ಕಕ್ಕಿಂತ ಐದನ್ನು ತಿರುಗಿಸುವುದೇ ಸುಲಭ. ಯಾಕೆ ಎಂಬುದು ಮುಂದೆ ಬರುತ್ತದೆ. ಅದಕ್ಕೂ ಮೊದಲು ನಿಮ್ಮ ಸ್ಟೆಪ್ನಿ ಈ ಸರದಿಗೆ ಸೇರುವಂಥದ್ದೇ ಎಂದು ನೋಡಿಕೊಳ್ಳಬೇಕು.

ಯಾವ ಸ್ಟೆಪ್ನಿ?

ಸ್ಟೆಪ್ನಿ ಎಂಬ ಮಾತು ನಮ್ಮಲ್ಲಿ ಎಷ್ಟು ಒಗ್ಗಿಹೋಗಿದೆ ಎಂದರೆ ಅದೊಂದು ರಸ್ತೆಯ ಹೆಸರು ಎಂದು ಹೊಳೆಯುವುದೇ ಇಲ್ಲ. 1904ರಲ್ಲಿ ವೇಲ್ಸಿನ ಲ್ಯಾನೆಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಸಹೋದರರು ಪಂಕ್ಚರ್ ಆದ ಗಾಲಿಯ ಮೇಲೆಯೇ ಬಿಗಿಯುವಂಥ, ಅರಗಳಿಲ್ಲದ ಒಂದು ಬಿಡಿ ಚಕ್ರ ಮಾಡಿದರು. ಅವರ ಬೀದಿಯ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಬದುಕಿದೆ.

ಇಂದಿನ ಕಾರುಗಳಲ್ಲಿ ಸ್ಟೆಪ್ನಿ ಮೂರು ಬಗೆ. ಮೊದಲನೆಯದು ಓಡುವ ನಾಲ್ಕರಂತೆಯೇ ಅದೇ ಅಳತೆಯ ಟೈರು, ಅದೇ ಅಳತೆಯ ರಿಮ್ಮು. ಇದು ಸರದಿಗೆ ಸೇರುತ್ತದೆ. ಎರಡನೆಯದು ಮೇಲಿನ ವೇರಿಯಂಟ್‌ಗಳಲ್ಲಿ ಕಾಣುವ ಬಗೆ: ಓಡುವುದು 17 ಇಂಚಿನ ಅಲಾಯ್ ಮೇಲೆ, ಡಿಕ್ಕಿಯಲ್ಲಿ ಮಲಗಿರುವುದು 16 ಇಂಚಿನ ಕಬ್ಬಿಣದ ರಿಮ್ಮು. ಸುತ್ತಳತೆ ಹೆಚ್ಚುಕಡಿಮೆ ಹೊಂದುತ್ತದೆ, ಆದರೆ ಅಗಲ, ಹಿಡಿತ, ಸೈಡ್‌ವಾಲಿನ (ಟೈರಿನ ಪಕ್ಕದ ಗೋಡೆಯ) ಬಿಗಿ ಬೇರೆ. ಪಂಕ್ಚರ್ ಆದಾಗ ಅಂಗಡಿ ಮುಟ್ಟಲು ಮಾತ್ರ ಇದು, ಸರದಿಗಲ್ಲ. ಮೂರನೆಯದು ಸಪೂರವಾದ ತಾತ್ಕಾಲಿಕ ಸ್ಟೆಪ್ನಿ. ಇದರ ಅಳತೆಯ ಮುಂದೆ ‘ಟಿ’ ಅಕ್ಷರ ಇರುತ್ತದೆ, ‘ಟಿ125/70’ ಎಂಬ ಹಾಗೆ. 60 ಪಿಎಸ್‌ಐ ಗಾಳಿ ಬೇಕು, ಗಂಟೆಗೆ 80 ಕಿಲೋಮೀಟರ್ ಮೀರುವಂತಿಲ್ಲ. ಇದನ್ನು ಸರದಿಗೆ ಸೇರಿಸುವ ಯೋಚನೆಯೇ ಬೇಡ.

ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲದ ಕಾರುಗಳೂ ಇವೆ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ, 3.5 ಟನ್ ಒಳಗಿನ ಪ್ರಯಾಣಿಕ ವಾಹನಕ್ಕೆ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಕಂಪನಿ ಸ್ಟೆಪ್ನಿ ಕೊಡಲೇಬೇಕೆಂದಿಲ್ಲ. ಅಂಥ ಕಾರಿಗೆ ನಾಲ್ಕರ ಸರದಿಯೇ ಗತಿ.

ಅಳತೆ ಒಂದೇ ಆಗಿದ್ದು ರಿಮ್ಮು ಮಾತ್ರ ಕಬ್ಬಿಣದ್ದಾದರೆ? ಹಾಕಬಹುದು, ಮೂರು ಅಲಾಯ್ ಒಂದು ಕಪ್ಪು ರಿಮ್ಮು ಕಣ್ಣಿಗೆ ಕಂಡರೂ ಪರವಾಗಿಲ್ಲ ಎನ್ನುವವರಿಗೆ. ಆದರೆ ನಟ್ಟು ಕೂರುವ ಜಾಗ ನೋಡಲೇಬೇಕು. ಕೆಲವು ಅಲಾಯ್‌ಗಳ ನಟ್ಟಿಗೆ ಚಪ್ಪಟೆ ವಾಷರ್ ಇರುತ್ತದೆ, ಕಬ್ಬಿಣದ ರಿಮ್ಮಿನ ತೂತು ಶಂಕುವಿನಾಕಾರ. ಹೋಂಡಾದ ಮೂಲ ನಟ್ಟಿನ ತಳ ಗುಂಡಗೆ, ಹೊರಗೆ ಕೊಳ್ಳುವ ಅಲಾಯ್‌ಗಳಿಗೆ ಬೇಕಾಗುವುದು ಹೆಚ್ಚಾಗಿ ಶಂಕುವಿನ ತಳ. ತಪ್ಪು ತಳದ ನಟ್ಟು ಎಷ್ಟು ಬಿಗಿದರೂ ಒಂದು ಗೆರೆಯಷ್ಟೇ ಜಾಗದಲ್ಲಿ ತಾಗುತ್ತದೆ, ನೂರಿನ್ನೂರು ಕಿಲೋಮೀಟರಿನಲ್ಲಿ ಸಡಿಲವಾಗುತ್ತದೆ. ತಳ ಬೇರೆ ಎಂದಾದರೆ ಆ ರಿಮ್ಮನ್ನು ಸರದಿಗೆ ತರಬೇಡಿ.

ವಯಸ್ಸು, ಆಳ

ಟೈರಿನ ಪಕ್ಕದಲ್ಲಿ ‘ಡಾಟ್’ (DOT) ಎಂದು ಶುರುವಾಗುವ ಸಾಲಿನ ಕೊನೆಗೆ ಚಿಕ್ಕ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 3521 ಎಂದಿದ್ದರೆ 2021ನೇ ಇಸವಿಯ 35ನೇ ವಾರ. ಈ ಅಂಕಿ ಟೈರಿನ ಒಂದೇ ಬದಿಗೆ ಇರುವುದರಿಂದ ಕೆಲವೊಮ್ಮೆ ಒಳಬದಿಗೆ ಬಂದು ಕಾಣುವುದಿಲ್ಲ, ಗಾಲಿ ಬಿಚ್ಚಿದಾಗ ನೋಡಿಕೊಳ್ಳಿ. ಆರು ವರ್ಷ ದಾಟಿದ ಸ್ಟೆಪ್ನಿಯನ್ನು ಹೊಸದೆಂದು ನಂಬಿ ಮುಂದಿನ ಗಾಲಿಗೆ ಹಾಕುವುದು ಸರಿಯಲ್ಲ. ಗ್ರಿಪ್ (ನೆಲಕ್ಕೆ ತಾಗುವ ಚಡಿಗಳ ಭಾಗ) ಎಷ್ಟೇ ಇರಲಿ, ಸೈಡ್‌ವಾಲಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದು ತುರ್ತಿಗೆ ಮಾತ್ರ.

ಐದರ ಸರದಿಯನ್ನು ಮೊದಲ 10,000 ಕಿಲೋಮೀಟರಿನಲ್ಲೇ ಶುರು ಮಾಡಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೊಸ ಟೈರಿನ ಗ್ರಿಪ್ ಸುಮಾರು 7ರಿಂದ 8 ಮಿಲಿಮೀಟರ್ ಆಳ. 30,000 ಓಡಿದ ಮೇಲೆ ನಾಲ್ಕರಲ್ಲಿ 4 ಮಿಲಿಮೀಟರ್ ಉಳಿದು, ಸ್ಟೆಪ್ನಿಯಲ್ಲಿ ಪೂರ್ತಿ 8 ಇದ್ದರೆ, ಅವುಗಳ ವ್ಯಾಸದಲ್ಲೇ 8 ಮಿಲಿಮೀಟರ್ ವ್ಯತ್ಯಾಸ. ಒಂದೇ ಆಕ್ಸಲಿನ ಎಡ ಬಲಕ್ಕೆ ಇವು ಬಂದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ (ಎಡ ಬಲದ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಪೆಟ್ಟಿಗೆ) ಬಿಡುವಿಲ್ಲದೆ ತಿರುಗುತ್ತಿರುತ್ತದೆ. ನಾಲ್ಕೂ ಗಾಲಿಗೆ ಸದಾ ಶಕ್ತಿ ಹೋಗುವ ಕಾರಿನಲ್ಲಂತೂ ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಕಪ್ಲಿಂಗ್ ಕಾದು ಹಾಳಾಗಬಹುದು. ನನ್ನ ಮಟ್ಟಿಗೆ ಗೆರೆ ಇಷ್ಟು: ಸ್ಟೆಪ್ನಿಗೂ ಉಳಿದವಕ್ಕೂ 2 ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಈ ಸೆಟ್ಟಿಗೆ ಬಿಟ್ಟುಬಿಡಿ. ಮುಂದಿನ ಸಲ ಮೂರೇ ಹೊಸ ಟೈರು ಕೊಂಡು, ವಯಸ್ಸಾಗಿಲ್ಲದಿದ್ದರೆ ಸ್ಟೆಪ್ನಿಯನ್ನು ನಾಲ್ಕನೆಯದಾಗಿ ಇಳಿಸಿ. ಅದೇ ಕಂಪನಿಯ ಅದೇ ಮಾದರಿ ಸಿಗಬೇಕು, ಅಷ್ಟೇ.

ಲಾಭದ ಲೆಕ್ಕವೂ ನೇರ. ನಾಲ್ಕೇ ಓಡಿದಾಗ ಸೆಟ್ಟು 40,000 ಕಿಲೋಮೀಟರ್ ಬರುವುದಾದರೆ, ಐದನ್ನೂ ಓಡಿಸಿದಾಗ ಪ್ರತಿಯೊಂದಕ್ಕೂ ಐದರಲ್ಲಿ ಒಂದು ಪಾಲು ರಜೆ, ಸೆಟ್ಟು 50,000 ಬರುತ್ತದೆ. ಕೊನೆಗೆ ಐದನ್ನೂ ಒಟ್ಟಿಗೆ ಕೊಳ್ಳಬೇಕು, ನಿಜ. ಕಿಲೋಮೀಟರಿಗೆ ಬೀಳುವ ರಬ್ಬರಿನ ಖರ್ಚು ಇಳಿಯುವುದಿಲ್ಲ. ಆದರೆ ಕಾರಿನ ಜೊತೆ ಬಂದ ಐದನೆಯದರ ದುಡ್ಡು ದಂಡವಾಗುವುದಿಲ್ಲ, ಮಧ್ಯರಾತ್ರಿ ಪಂಕ್ಚರ್ ಆದಾಗ ಕೈಗೆ ಬರುವುದು ಉಳಿದವುಗಳ ಜೋಡಿಯ ಟೈರೇ ಆಗಿರುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಆಳ ಅಳೆಯುವ ಗೇಜು ಅಗ್ಗ. ಪ್ರತಿ ಟೈರಿಗೂ ಹೊರ ಅಂಚು, ನಡು, ಒಳ ಅಂಚು ಎಂದು ಮೂರು ಕಡೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಇದನ್ನು ಸರದಿಗೆ ಮೊದಲೇ ಮಾಡಬೇಕು, ಯಾಕೆಂದರೆ ಜಾಗ ಬದಲಾದ ಮೇಲೆ ಸಾಕ್ಷಿ ಅಳಿಸಿಹೋಗುತ್ತದೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟು. ಅಂಗೈಯನ್ನು ಅಡ್ಡಕ್ಕೆ ಆಡಿಸಿದಾಗ ಒಂದು ದಿಕ್ಕಿಗೆ ನುಣುಪು, ತಿರುಗಿ ಬರುವಾಗ ಗರಗಸದ ಹಾಗೆ ತಾಗಿದರೆ ಟೋ ಕೋನ (ಗಾಲಿಗಳು ಒಳಮುಖ ಅಥವಾ ಹೊರಮುಖವಾಗಿ ತಿರುಗಿರುವ ಅಳತೆ) ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್. ಇವಕ್ಕೆ ರೊಟೇಶನ್ ಮದ್ದಲ್ಲ. ಮೂಲ ಕಾರಣ ಸರಿಪಡಿಸದೆ ಟೈರು ಅದಲು ಬದಲು ಮಾಡಿದರೆ ಒಂದರ ಬದಲು ನಾಲ್ಕು ಟೈರು ಹಾಳಾಗುತ್ತವೆ. ಎಲ್ಲಿಯಾದರೂ ಆಳ 1.6 ಮಿಲಿಮೀಟರಿಗೆ ಇಳಿದು ಚಡಿಯೊಳಗಿನ ದಿಬ್ಬ ಗ್ರಿಪ್ಪಿಗೆ ಸಮವಾಗಿದ್ದರೆ ಆ ಟೈರಿನ ಕಥೆ ಅಲ್ಲಿಗೆ ಮುಗಿಯಿತು.

ಅಳೆದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ: ಮುಂ-ಎ, ಮುಂ-ಬ, ಹಿಂ-ಎ, ಹಿಂ-ಬ. ಎಡ ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಕೂತಾಗಿನ ಎಡ ಬಲ. ಮೂರು ಗಾಲಿ ಅಂಗಳದಲ್ಲಿ ಉರುಳಿದ ಮೇಲೆ ಯಾವುದು ಎಲ್ಲಿಯದು ಎಂದು ನೆನಪಿಗೆ ಬಿಡುವಂತಿಲ್ಲ.

ಯಾವುದು ಎಲ್ಲಿಗೆ

ಮುಂದಿನ ಗಾಲಿಗೆ ಶಕ್ತಿ ಹೋಗುವ ಕಾರು ನಮ್ಮಲ್ಲಿ ಬಹುಪಾಲು: ಸ್ವಿಫ್ಟು, ಐ20, ಸಿಟಿ, ಕ್ರೆಟಾ ಎಲ್ಲ. ಎಂಜಿನ್ನಿನ ಭಾರ, ಎಳೆತ, ತಿರುವು, ಬ್ರೇಕಿನ ದೊಡ್ಡ ಪಾಲು, ನಾಲ್ಕನ್ನೂ ಮುಂದಿನ ಜೋಡಿಯೇ ಹೊರುತ್ತದೆ. ಆದ್ದರಿಂದ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡಡ್ಡ ಮುಂದಕ್ಕೆ ಎಂಬುದು ನಾಲ್ಕರ ಕ್ರಮ. ಐದರಲ್ಲಿ ಒಂದೇ ಬದಲಾವಣೆ: ಮುಂ-ಬ ಹಿಂದಕ್ಕೆ ಹೋಗುವ ಬದಲು ಡಿಕ್ಕಿಗೆ ಹೋಗುತ್ತದೆ, ಡಿಕ್ಕಿಯಲ್ಲಿದ್ದದ್ದು ಹಿಂ-ಬ ಜಾಗಕ್ಕೆ ಬರುತ್ತದೆ.

ಈಗ ಒಂದೇ ಜಾಕಿನ ಲೆಕ್ಕ ನೋಡಿ. ಸ್ಟೆಪ್ನಿಯನ್ನು ಹೊರತೆಗೆಯಿರಿ. ಹಿಂ-ಬ ಎತ್ತಿ, ಬಿಚ್ಚಿ, ಅಲ್ಲಿಗೆ ಸ್ಟೆಪ್ನಿ ಹಾಕಿ ಇಳಿಸಿ. ಕೈಯಲ್ಲಿ ಹಿಂ-ಬ ಉಳಿಯಿತು. ಮುಂ-ಎ ಎತ್ತಿ, ಬಿಚ್ಚಿ, ಕೈಯಲ್ಲಿದ್ದ ಹಿಂ-ಬ ಅಲ್ಲಿಗೆ ಹಾಕಿ. ಕೈಯಲ್ಲೀಗ ಮುಂ-ಎ. ಹಿಂ-ಎ ಬಿಚ್ಚಿ ಅಲ್ಲಿಗೆ ಅದನ್ನು ಹಾಕಿ. ಕೈಯಲ್ಲಿ ಹಿಂ-ಎ. ಮುಂ-ಬ ಬಿಚ್ಚಿ ಅಲ್ಲಿಗೆ ಅದನ್ನು ಹಾಕಿ. ಕೈಯಲ್ಲಿ ಉಳಿದ ಮುಂ-ಬ ಡಿಕ್ಕಿಗೆ. ನಾಲ್ಕು ಮೂಲೆ, ನಾಲ್ಕೇ ಸಲ ಎತ್ತುವುದು, ಯಾವ ಮೂಲೆಯನ್ನೂ ಎರಡು ಸಲ ಬಿಚ್ಚಬೇಕಿಲ್ಲ, ಯಾವ ಹೊತ್ತಿನಲ್ಲೂ ಕಾರಿನ ಎರಡು ಗಾಲಿ ಗಾಳಿಯಲ್ಲಿರುವುದಿಲ್ಲ. ಸಾಲಿನಲ್ಲಿ ಒಂದು ಜಾಗ ಖಾಲಿಯಿದ್ದರೆ ಎಲ್ಲರೂ ಒಂದೊಂದು ಹೆಜ್ಜೆ ಸರಿಯಬಹುದಲ್ಲ, ಅದೇ ಇಲ್ಲಿ ನಡೆಯುವುದು.

ಇನೋವಾ ಕ್ರಿಸ್ಟಾ, ಬೊಲೆರೊ ಥರ ಹಿಂದಿನ ಗಾಲಿಗೆ ಶಕ್ತಿ ಹೋಗುವವಕ್ಕೆ, ಮತ್ತು 4x4 ಗಾಡಿಗಳಿಗೆ ಸರಪಳಿ ಬೇರೆ: ಸ್ಟೆಪ್ನಿ ಹಿಂ-ಬ ಜಾಗಕ್ಕೆ, ಹಿಂ-ಬ ಮುಂ-ಬ ಜಾಗಕ್ಕೆ, ಮುಂ-ಬ ಹಿಂ-ಎ ಜಾಗಕ್ಕೆ, ಹಿಂ-ಎ ಮುಂ-ಎ ಜಾಗಕ್ಕೆ, ಮುಂ-ಎ ಸ್ಟೆಪ್ನಿ ಜಾಗಕ್ಕೆ. ಇಲ್ಲೂ ನಾಲ್ಕೇ ಸಲ.

ಸ್ಟೆಪ್ನಿ ಬೇರೆ ಅಳತೆಯದಾದರೂ ನಾಲ್ಕರ ಸರದಿಗೆ ಅದನ್ನು ಊರುಗೋಲಾಗಿ ಬಳಸಬಹುದು. ನಿಂತ ಕಾರಿಗೆ ಹಿಂ-ಬ ಜಾಗದಲ್ಲಿ ತಾತ್ಕಾಲಿಕವಾಗಿ ಕೂರಿಸಿ, ಅದೇ ಸರಪಳಿ ನಡೆಸಿ, ಕೊನೆಗೆ ಅದನ್ನು ಕಳಚಿ ಮುಂ-ಬ ಹಾಕಿದರಾಯಿತು. ಐದು ಸಲ ಎತ್ತಬೇಕಾಗುತ್ತದೆ.

ಸೈಡ್‌ವಾಲಿನಲ್ಲಿ ಬಾಣದ ಗುರುತಿದ್ದರೆ ಆ ಟೈರು ಒಂದೇ ದಿಕ್ಕಿಗೆ ಉರುಳಬೇಕಾದದ್ದು. ರಿಮ್ಮಿನಿಂದ ಬಿಡಿಸದೆ ಎಡದ್ದನ್ನು ಬಲಕ್ಕೆ ಹಾಕುವಂತಿಲ್ಲ. ಅದೇ ಬದಿಯಲ್ಲಿ ಹಿಂದು ಮುಂದು ಮಾಡಬಹುದು, ಅಷ್ಟೇ. ‘ಔಟ್‌ಸೈಡ್’ ಎಂದು ಬರೆದಿರುವವಕ್ಕೆ ಈ ಕಟ್ಟಿಲ್ಲ, ಆ ಬರಹ ಹೊರಗೆ ಕಾಣುತ್ತಿದ್ದರೆ ಯಾವ ಮೂಲೆಗಾದರೂ ಸರಿ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರು ಇರುವ ಕಾರಿಗೆ ಈ ಲೇಖನ ಅನ್ವಯಿಸುವುದಿಲ್ಲ.

ನೆಲ, ಜಾಕು, ಬೆಣೆ

ಸಿಮೆಂಟಿನ ಸಮತಟ್ಟು ನೆಲ ಬೇಕು. ಇಂಟರ್‌ಲಾಕ್ ಹಾಸು, ಮಣ್ಣಿನ ಅಂಗಳ ಆದರೆ ಜಾಕಿನ ಕೆಳಗೆ ಒಂದಡಿ ಚೌಕದ ದಪ್ಪ ಪ್ಲೈವುಡ್ ತುಂಡು ಇಡಿ, ಇಲ್ಲದಿದ್ದರೆ ಜಾಕಿನ ಪಾದ ನಿಧಾನವಾಗಿ ಹೂತು ಓರೆಯಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದೇನಲ್ಲ ಎಂಬ ಧೈರ್ಯ ಸಾಲದು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಹಿಂದಿನ ಮೂಲೆ ಎತ್ತಿದಾಗ ಅದರ ಹಿಡಿತ ಅರ್ಧವಾಯಿತು. ಗೇರಿನಲ್ಲಿ ಬಿಡಿ, ಎತ್ತುವ ಮೂಲೆಗೆ ಕರ್ಣಕ್ಕಿರುವ ಗಾಲಿಗೆ ಮುಂದೆ ಹಿಂದೆ ಎರಡೂ ಕಡೆ ಮರದ ಬೆಣೆ ಕೊಡಿ. ದುಂಡನೆಯ ಕಲ್ಲು ಉರುಳುತ್ತದೆ, ಬೆಣೆ ಕಚ್ಚಿಕೊಳ್ಳುತ್ತದೆ.

ಕಾರಿನ ಜೊತೆ ಬಂದ ಕತ್ತರಿ ಜಾಕಿನಲ್ಲೂ ಈ ಕೆಲಸ ಆಗುತ್ತದೆ, ಯಾಕೆಂದರೆ ನೀವು ಕಾರಿನ ಕೆಳಗೆ ತೂರುವುದಿಲ್ಲ. ತೂರಲೂಬೇಡಿ. ಎರಡು ಟನ್ನಿನ ಟ್ರಾಲಿ ಜಾಕ್ ಇದ್ದರೆ ಸೊಂಟಕ್ಕೆ ಹಿತ. ಜಾಕ್ ಕೊಡಬೇಕಾದ ಜಾಗ ಬಾಗಿಲ ಕೆಳಗಿನ ಮಡಿಕೆ ತಗಡಿನಲ್ಲಿ ಎರಡು ಕಚ್ಚುಗಳ ನಡುವೆ ಇರುತ್ತದೆ. ಟ್ರಾಲಿ ಜಾಕಿನ ಚಪ್ಪಟೆ ತಲೆಯನ್ನು ನೇರ ಅಲ್ಲಿಗೆ ಕೊಟ್ಟರೆ ಮಡಿಕೆ ನಜ್ಜುಗುಜ್ಜಾಗಿ ಪೇಂಟು ಒಡೆದು ತುಕ್ಕು ಹಿಡಿಯುತ್ತದೆ. ನಡುವೆ ಚಡಿಯಿರುವ ರಬ್ಬರ್ ಬಿಲ್ಲೆ ಇಡಿ. ಎಲೆಕ್ಟ್ರಿಕ್ ಕಾರಿನಲ್ಲಿ ಈ ಗುರುತಿನಿಂದ ಒಂದಿಂಚು ಒಳಗೆ ಸರಿದರೂ ಬ್ಯಾಟರಿಯ ಪೆಟ್ಟಿಗೆಗೆ ತಾಗಬಹುದು, ಎಚ್ಚರ. ಬಿಚ್ಚಿದ ಗಾಲಿಯನ್ನು ಬಾಗಿಲಿನ ಕೆಳಗೆ ಮಲಗಿಸಿ. ಜಾಕ್ ಜಾರಿದರೂ ಕಾರು ಗಾಲಿಯ ಮೇಲೆ ಕೂರುತ್ತದೆ, ಬ್ರೇಕ್ ಡಿಸ್ಕಿನ ಮೇಲಲ್ಲ, ನಿಮ್ಮ ಕಾಲಿನ ಮೇಲೂ ಅಲ್ಲ.

ನಟ್ಟು

ಕೆಡುವುದೆಲ್ಲ ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ. ಮಾರುತಿ, ಹೋಂಡಾಕ್ಕೆ 19 ಮಿಲಿಮೀಟರ್ ಸಾಕೆಟ್ಟು, ಟೊಯೊಟಾ, ಹ್ಯುಂಡೈ, ಕಿಯಾಕ್ಕೆ 21, ಫೋಕ್ಸ್‌ವ್ಯಾಗನ್, ಸ್ಕೋಡಾಕ್ಕೆ 17. ಕೊನೆಯ ಎರಡರಲ್ಲಿ ಹಬ್ಬಿಗೆ (ಗಾಲಿ ಕೂರುವ ನಡುಭಾಗಕ್ಕೆ) ಸ್ಟಡ್ಡು (ನಟ್ಟು ಹಾಕಲು ಹೊರಚಾಚಿದ ತಿರುಪು) ಇರುವುದಿಲ್ಲ, ಬೋಲ್ಟು ನೇರ ಹಬ್ಬಿನೊಳಗೆ ಹೋಗುತ್ತದೆ. ಗಾಲಿಯನ್ನು ಎತ್ತಿ ಹಿಡಿದು ತೂತು ಹುಡುಕುವ ಪಾಡು ಬೇಡವೆಂದರೆ ಅದೇ ಮರೆಯ (ತಿರುಪಿನ ಸುತ್ತುಗೆರೆಯ) ಗೈಡ್ ಪಿನ್ ಒಂದನ್ನು ಮೇಲಿನ ತೂತಿಗೆ ತಿರುಗಿಸಿ, ಗಾಲಿಯನ್ನು ಅದಕ್ಕೆ ನೇತುಹಾಕಿ.

ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಕರಾವಳಿಯ ಕಾರುಗಳಲ್ಲಿ ನಟ್ಟೆಲ್ಲ ಬಿಚ್ಚಿದರೂ ಅಲಾಯ್ ಹಬ್ಬಿಗೆ ಅಂಟಿಕೊಂಡು ಬರುವುದೇ ಇಲ್ಲ. ಉಪ್ಪು ಗಾಳಿಯಲ್ಲಿ ಅಲ್ಯುಮಿನಿಯಂ, ಕಬ್ಬಿಣ ಒಂದಕ್ಕೊಂದು ತಾಗಿ ಬೆಳೆಸಿದ ತುಕ್ಕು ಅದು. ಸುತ್ತಿಗೆಯಿಂದ ರಿಮ್ಮಿಗೆ ಹೊಡೆಯಬೇಡಿ. ಎರಡು ನಟ್ಟನ್ನು ಎರಡು ಸುತ್ತಿನಷ್ಟು ಹಾಗೇ ಬಿಟ್ಟು, ನೆಲದಲ್ಲಿ ಕೂತು ಅಂಗಾಲಿನಿಂದ ಟೈರಿನ ಸೈಡ್‌ವಾಲಿಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಒದೆಯಿರಿ. ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಎರಡು ನಟ್ಟು ಉಳಿದಿರುವುದರಿಂದ ಗಾಲಿ ಹಾರಿ ಬೀಳುವುದಿಲ್ಲ.

ಗಾಲಿ ಕಳಚಿದ ಮೇಲೆ ಹಬ್ಬಿನ ಮುಖವನ್ನು ನೋಡಿ. ಕಂದು ಪುಡಿ, ಹಕ್ಕಳೆ ಹಕ್ಕಳೆಯಾದ ತುಕ್ಕು. ತಂತಿ ಬ್ರಷ್ಷಿನಿಂದ ಬೂದು ಲೋಹ ಕಾಣುವ ತನಕ ಉಜ್ಜಿ, ರಿಮ್ಮಿನ ಹಿಂಭಾಗವನ್ನೂ ಹಾಗೇ ಉಜ್ಜಿ. ಹಬ್ಬು ರಿಮ್ಮಿನ ನಡುವೆ ಸಿಕ್ಕಿಕೊಂಡ ಹಕ್ಕಳೆಯೊಂದು ಇಂದು ನಟ್ಟನ್ನು ಬಿಗಿಯಾದಂತೆ ತೋರಿಸಿ, ನಾಳೆ ಪುಡಿಯಾಗಿ ಉದುರಿ ಸಡಿಲ ಮಾಡುತ್ತದೆ. ನಡುವಿನ ಉಬ್ಬಿಗೆ ಮಾತ್ರ ಆ್ಯಂಟಿ ಸೀಜ್ ಗ್ರೀಸನ್ನು ಬೆರಳ ತುದಿಯಷ್ಟು ಸವರಿ. ಸ್ಟಡ್ಡಿನ ಮರೆಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಬಾರದು. ಕಂಪನಿ ಕೊಟ್ಟಿರುವ ಟಾರ್ಕ್ (ನಟ್ಟು ಬಿಗಿಯಲು ಹಾಕುವ ತಿರುಚು ಬಲ) ಲೆಕ್ಕ ಒಣ ಮರೆಗೆ. ಎಣ್ಣೆ ಬಿದ್ದರೆ ಅದೇ ಟಾರ್ಕಿನಲ್ಲಿ ಸ್ಟಡ್ಡು ಹೆಚ್ಚು ಜಗ್ಗಿ ಹಿಗ್ಗುತ್ತದೆ. ಇದೇ ಹೊತ್ತಿಗೆ ಬ್ರೇಕ್ ಪ್ಯಾಡಿನ ದಪ್ಪ, ಟೈರಿನ ಒಳಬದಿಯ ಉಬ್ಬು, ಗ್ರಿಪ್ಪಿನಲ್ಲಿ ನಾಟಿದ ಮೊಳೆ ನೋಡಿಬಿಡಿ.

16ರಿಂದ 20 ಕಿಲೊ ತೂಗುವ ಗಾಲಿಯನ್ನು ಬೆನ್ನು ಬಗ್ಗಿಸಿ ಎತ್ತಬೇಡಿ. ಟೈರಿನ ಕೆಳಗೆ ಉದ್ದನೆಯ ಹಲಗೆ ಅಥವಾ ಹಾರೆ ತೂರಿಸಿ ಸನ್ನೆ ಹಾಕಿದರೆ ಎರಡು ಬೆರಳಿನಷ್ಟು ಏಳುತ್ತದೆ, ಅಷ್ಟೇ ಬೇಕಾದದ್ದು. ನಟ್ಟುಗಳನ್ನು ಮೊದಲು ಬರಿಗೈಯಲ್ಲೇ ಕೊನೆಯ ತನಕ ತಿರುಗಿಸಿ. ಕೈಯಲ್ಲಿ ತಿರುಗದ ನಟ್ಟು ಅಡ್ಡ ಮರೆ ಹತ್ತಿದೆ ಎಂದರ್ಥ, ಪಾನ (ಸ್ಪ್ಯಾನರ್) ಹಾಕಿ ಒತ್ತಾಯಿಸದೆ ಬಿಚ್ಚಿ ಮತ್ತೆ ಹಚ್ಚಿ. ಆಮೇಲೆ ಎದುರೆದುರು ಕ್ರಮದಲ್ಲಿ ಹದವಾಗಿ ಬಿಗಿದು, ಇಳಿಸಿ, ಟಾರ್ಕ್ ಪಾನದಲ್ಲಿ, ಅಂದರೆ ಹೊಂದಿಸಿದ ಬಲ ಮುಟ್ಟಿದಾಗ ‘ಕಟ್’ ಎನ್ನುವ ಪಾನದಲ್ಲಿ, ಎಲ್ಲ ನಟ್ಟಿಗೂ ಅರ್ಧ ಅಳತೆಗೆ ಒಂದು ಸಲ, ಪೂರ್ತಿ ಅಳತೆಗೆ ಇನ್ನೊಂದು ಸಲ.

ಅಳತೆ ಎಷ್ಟು? ಮ್ಯಾನ್ಯುಯಲ್ ನೋಡುವುದೇ ಸರಿ. ಅಂದಾಜಿಗೆ: ಹಳೆಯ ಮಾರುತಿಗಳಲ್ಲಿ 85 ನ್ಯೂಟನ್ ಮೀಟರ್, ಹೊಸವುಗಳಲ್ಲಿ 100. ಟೊಯೊಟಾ 103, ಹೋಂಡಾ ಸಿಟಿ 108, ಹ್ಯುಂಡೈ ಮತ್ತು ಕಿಯಾ 107ರಿಂದ 127, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ 120. ಟಾರ್ಕ್ ಪಾನ ಇಲ್ಲದವರು ಹೀಗೆ ಲೆಕ್ಕ ಹಾಕಿ: 30 ಸೆಂಟಿಮೀಟರ್ ಉದ್ದದ ಪಾನದ ತುದಿಗೆ 34 ಕಿಲೊ ಭಾರ ಬಿದ್ದರೆ 100 ನ್ಯೂಟನ್ ಮೀಟರ್. 70 ಕಿಲೊ ತೂಕದವರು ಪಾನದ ಮೇಲೆ ಹತ್ತಿ ನಿಂತರೆ 200 ದಾಟಿತು. ಪಾನದ ಮೇಲೆ ನಿಂತು ಬಿಗಿಯುವುದು, ಏರ್ ಗನ್ನಿನಲ್ಲಿ ‘ಗರ್ರ್’ ಎಂದು ಅದು ನಿಲ್ಲುವ ತನಕ ಒತ್ತುವುದು ಎರಡೂ ಒಂದೇ ತಪ್ಪು. ಹೀಗೆ ಬಿಗಿದ ನಟ್ಟು ಘಾಟಿಯ ನಡುವೆ ಪಂಕ್ಚರ್ ಆದಾಗ ಮನೆಯವರ ಯಾರ ಕೈಯಲ್ಲೂ ಬಿಚ್ಚಲು ಬರುವುದಿಲ್ಲ. ಟಾರ್ಕ್ ಪಾನ ‘ಕಟ್’ ಎಂದ ಕೂಡಲೇ ನಿಲ್ಲಿಸಿ. ನಿಶ್ಚಯಕ್ಕೆಂದು ಎರಡು ಮೂರು ಸಲ ‘ಕಟ್’ ಎನಿಸಿದರೆ ಪ್ರತಿ ಸಲವೂ ಇನ್ನಷ್ಟು ಬಿಗಿಯಾಗುತ್ತದೆ. ಕೆಲಸ ಮುಗಿದ ಮೇಲೆ ಪಾನವನ್ನು ಕನಿಷ್ಠ ಅಂಕಿಗೆ ತಿರುಗಿಸಿ ಇಡಿ.

ಗಾಳಿ

ಮುಂದೆ ಹಿಂದೆ ಬೇರೆ ಬೇರೆ ಒತ್ತಡ ಹೇಳಿರುವ ಕಾರಿನಲ್ಲಿ ಟೈರಿನ ಜೊತೆ ಗಾಳಿಯೂ ಜಾಗ ಬದಲಿಸಿರುತ್ತದೆ. ಡ್ರೈವರ್ ಬಾಗಿಲಿನ ಕಂಬದ ಚೀಟಿ ನೋಡಿ ಜಾಗಕ್ಕೆ ತಕ್ಕಂತೆ ಹೊಂದಿಸಿ. ಕಾರು ಮೂರು ಗಂಟೆ ನಿಂತು ತಣ್ಣಗಾಗಿರಬೇಕು. ಪ್ರತಿ 5.5 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 1 ಪಿಎಸ್‌ಐ ಏರುತ್ತದೆ. 18 ಡಿಗ್ರಿಯ ಬೆಳಗಿನಲ್ಲಿ ತುಂಬಿದ ಟೈರು 40 ಡಿಗ್ರಿಯ ಮಧ್ಯಾಹ್ನಕ್ಕೆ, ಓಡದೇ ನಿಂತಿದ್ದರೂ, 4 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆಗ ಗಾಳಿ ಬಿಡಬೇಡಿ. ಇನ್ನೊಂದು ಲೆಕ್ಕ ಹೆಚ್ಚಿನವರಿಗೆ ಹೊಳೆಯದ್ದು: ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 33 ತುಂಬಿ ಮಂಗಳೂರಿಗೆ ಇಳಿದರೆ, ಹೊರಗಿನ ಗಾಳಿಯ ಒತ್ತಡವೇ ಅಲ್ಲಿ ಹೆಚ್ಚಿರುವುದರಿಂದ ಅದೇ ಬಿಸಿಯಲ್ಲಿ ಗೇಜು ಸುಮಾರು 1.5 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಟೈರು ಸೋರಿದ್ದಲ್ಲ.

ಡಿಕ್ಕಿಗೆ ಹೋಗುವ ಟೈರಿಗೆ ಚೀಟಿಯಲ್ಲಿನ ಅತಿ ಹೆಚ್ಚಿನ ಅಂಕಿಗಿಂತ 4 ಪಿಎಸ್‌ಐ ಜಾಸ್ತಿ ತುಂಬಿ. ತಿಂಗಳಿಗೆ ಸುಮಾರು 1 ಪಿಎಸ್‌ಐ ತಾನಾಗಿ ಇಳಿಯುತ್ತದೆ. ಬೇಕಾದಾಗ ಹೆಚ್ಚಿದ್ದನ್ನು ಬಿಡಬಹುದು, ಕಡಿಮೆಯಿದ್ದರೆ ರಸ್ತೆ ನಡುವೆ ತುಂಬಲಾಗುವುದಿಲ್ಲ. ಸ್ಟೆಪ್ನಿ ಹೊಟ್ಟೆಯಡಿ ತೂಗುವ ಗಾಡಿಗಳಲ್ಲಿ ಸರಪಳಿಯ ರಾಟೆಗೆ ಮಳೆಗಾಲದ ಕೆಸರು ಮೆತ್ತಿ ತುಕ್ಕು ಹಿಡಿದು ಜಾಮ್ ಆಗುತ್ತದೆ. ಸರದಿಯ ನೆವದಲ್ಲಾದರೂ ಅದು ಇಳಿದು ಏರಿದರೆ, ಒಂದು ಹನಿ ಗ್ರೀಸ್ ಕಂಡರೆ, ಬೇಕಾದ ದಿನ ಕೈಕೊಡುವುದಿಲ್ಲ.

ಸೆನ್ಸರು

ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆಯಲ್ಲಿ ಎರಡು ಬಗೆ, ಎರಡಕ್ಕೂ ಮಾಡಬೇಕಾದದ್ದು ಪೂರ್ತಿ ಬೇರೆ. ಮೀಟರಿನಲ್ಲಿ ನಾಲ್ಕೂ ಟೈರಿನ ಪಿಎಸ್‌ಐ ಅಂಕಿ ಬಿಡಿಬಿಡಿಯಾಗಿ ಕಂಡರೆ ಟೈರಿನೊಳಗೆ ಸೆನ್ಸರ್ ಇದೆ. ಅಂಕಿಯೇ ಇಲ್ಲದೆ ಎಚ್ಚರಿಕೆಯ ದೀಪ ಮಾತ್ರ ಇದ್ದರೆ ಹೆಚ್ಚಾಗಿ ಪರೋಕ್ಷ ಬಗೆ, ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಿ.

ಪರೋಕ್ಷ ಬಗೆಯಲ್ಲಿ, ಟಾಟಾದವರು ಐಟಿಪಿಎಂಎಸ್ ಎನ್ನುವುದೂ ಇದೇ, ಟೈರಿನೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಗಾಲಿಯ ತ್ರಿಜ್ಯ ಚಿಕ್ಕದಾಗಿ ಅದು ಉಳಿದವುಗಳಿಗಿಂತ ಚೂರು ವೇಗವಾಗಿ ತಿರುಗುತ್ತದೆ. ಅದನ್ನು ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಎಣಿಸಿ ಹೇಳುತ್ತದೆ. ಸರದಿಯಾದ ಮೇಲೆ ಪ್ರತಿ ಮೂಲೆಗೂ ಬೇರೆ ಸವೆತದ ಟೈರು ಬಂದಿರುತ್ತದೆ, ಹಳೆಯ ಲೆಕ್ಕ ಸುಳ್ಳಾಗುತ್ತದೆ. ಸ್ಟೆಪ್ನಿಯ ಹೊಸ ಗ್ರಿಪ್ ಒಂದು ಮೂಲೆಯಲ್ಲಿದ್ದರೆ ಎದುರಿನ ಒಳ್ಳೆಯ ಟೈರೇ ಗಾಳಿ ಇಳಿದಂತೆ ಅದಕ್ಕೆ ತೋರಬಹುದು. ರೀಸೆಟ್ ಮಾಡಬೇಕು, ಆದರೆ ತಣ್ಣಗಿನ ಟೈರಿಗೆ ಸರಿಯಾದ ಗಾಳಿ ತುಂಬಿದ ಮೇಲೆಯೇ. 26ಕ್ಕೆ ಇಳಿದ ಟೈರಿಟ್ಟುಕೊಂಡು ರೀಸೆಟ್ ಒತ್ತಿದರೆ 26ನ್ನೇ ಸರಿ ಎಂದು ಕಲಿತುಬಿಡುತ್ತದೆ.

ನೇರ ಬಗೆಯಲ್ಲಿ ವಾಲ್ವಿನ ಬುಡಕ್ಕೆ ಅಂಟಿದ ಸೆನ್ಸರ್ ಟೈರಿನೊಳಗೇ ಕೂತು ರೇಡಿಯೋ ಮೂಲಕ ಅಂಕಿ ಕಳಿಸುತ್ತದೆ. ಪ್ರತಿ ಸೆನ್ಸರಿಗೂ ತನ್ನದೇ ನಂಬರು. ಗಾಲಿ ಸರಿದಾಗ ಸೆನ್ಸರೂ ಜೊತೆಗೇ ಸರಿಯುತ್ತದೆ. ಕೆಲವು ಕಾರುಗಳು ಹತ್ತಿಪ್ಪತ್ತು ನಿಮಿಷ ಓಡಿದೊಡನೆ ಯಾವುದು ಎಲ್ಲಿದೆ ಎಂದು ತಾವೇ ಗುರುತಿಸಿಕೊಳ್ಳುತ್ತವೆ, ಕೆಲವಕ್ಕೆ ಸರ್ವಿಸ್ ಸೆಂಟರಿನ ಉಪಕರಣ ಹಚ್ಚಿ ಹೇಳಿಕೊಡಬೇಕು. ನಿಮ್ಮದು ಯಾವುದೆಂದು ತಿಳಿಯಲು ಸುಲಭ ದಾರಿ: ಮುಂ-ಎ ಟೈರಿಗೆ ಬೇಕೆಂದೇ 3 ಪಿಎಸ್‌ಐ ಹೆಚ್ಚು ತುಂಬಿ ಅರ್ಧ ಗಂಟೆ ಓಡಿಸಿ. ಆ ಹೆಚ್ಚಿನ ಅಂಕಿ ಮೀಟರಿನ ಮುಂ-ಎ ಜಾಗದಲ್ಲೇ ಕಂಡರೆ ಕಲಿತಿದೆ. ಬೇರೆ ಮೂಲೆಯಲ್ಲಿ ಕಂಡರೆ ಕಲಿತಿಲ್ಲ. ಶುರುವಿಗೆ ಬರೀ ಗೆರೆಗಳು ಕಂಡರೆ ಗಾಬರಿ ಬೇಡ, ನಿಂತ ಸೆನ್ಸರ್ ನಿದ್ದೆಯಲ್ಲಿರುತ್ತದೆ, ಗಾಲಿ ತಿರುಗಿದಾಗ ಏಳುತ್ತದೆ.

ತೊಡಕು ಐದನೆಯದರದ್ದು. ಬಹಳಷ್ಟು ಕಾರುಗಳಿಗೆ ಕಂಪನಿ ಕೊಡುವುದು ನಾಲ್ಕೇ ಸೆನ್ಸರ್, ಸ್ಟೆಪ್ನಿಗೆ ಬರೀ ರಬ್ಬರ್ ವಾಲ್ವು. ಅದನ್ನು ಸರದಿಗೆ ತಂದ ಕೂಡಲೇ ದೀಪ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಹತ್ತಿಕೊಂಡೇ ಇರುತ್ತದೆ. ಗಾಳಿ ಇಳಿದಿದೆ ಎಂದಲ್ಲ, ಒಂದು ಸೆನ್ಸರ್ ಸಿಗುತ್ತಿಲ್ಲ ಎಂದು. ಆ ದೀಪಕ್ಕೆ ಕಣ್ಣು ಒಗ್ಗಿಹೋದರೆ ನಿಜವಾಗಿ ಗಾಳಿ ಇಳಿದ ದಿನ ಗೊತ್ತಾಗುವುದಿಲ್ಲ. ಅಂಥ ಕಾರಿಗೆ ಐದನೆಯ ಸೆನ್ಸರ್ ಹಾಕಿಸುವುದೇ ನನ್ನ ಸಲಹೆ. ಅದೇ ಪಾರ್ಟ್ ನಂಬರಿನದ್ದು ಬೇಕು. ಕಾರು ತಾನೇ ಕಲಿಯುವ ಬಗೆಯದಾದರೆ ಮಾತ್ರ ಇದು ಲೇಸು. ಇಲ್ಲದಿದ್ದರೆ ಪ್ರತಿ ಸರದಿಗೂ ಸರ್ವಿಸ್ ಸೆಂಟರಿಗೆ ಓಡಬೇಕು, ಆಗ ನಾಲ್ಕರ ಸರದಿಗೇ ನಿಲ್ಲಿಸುವುದು ವಾಸಿ.

ಸೆನ್ಸರಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತದೆ, ಬಿಚ್ಚಿ ಬದಲಿಸುವಂತಿಲ್ಲ. ಟೈರು ಬಿಡಿಸುವಾಗ ವಾಲ್ವಿನ ಹತ್ತಿರ ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು) ಒತ್ತಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿ, ಸೆನ್ಸರ್ ಮುರಿಯುವುದು ಆ ಒಂದು ಒತ್ತಿಗೆ. ಸೆನ್ಸರಿನ ವಾಲ್ವು ಅಲ್ಯುಮಿನಿಯಂ ಆಗಿದ್ದರೆ ಹೊಳೆಯುವ ಹಿತ್ತಾಳೆಯ ಮುಚ್ಚಳ ಹಾಕಬೇಡಿ. ಒಂದೆರಡು ಮಳೆಗಾಲದಲ್ಲಿ ಎರಡೂ ಲೋಹ ಅಂಟಿಕೊಂಡು, ಮುಚ್ಚಳ ತಿರುಗಿಸುವಾಗ ವಾಲ್ವೇ ತುಂಡಾಗುತ್ತದೆ. ಪ್ಲಾಸ್ಟಿಕ್ ಮುಚ್ಚಳವೇ ಸಾಕು.

ಮುಚ್ಚಳದ ಜಾಗಕ್ಕೆ ತಿರುಗಿಸುವ ಹೊರ ಸೆನ್ಸರ್ ಇರುವವರಿಗೆ ಈ ತಲೆನೋವಿಲ್ಲ. ಪ್ರತಿಯೊಂದರ ಮೇಲೂ ಯಾವ ಮೂಲೆಯದೆಂದು ಬರೆದಿರುತ್ತದೆ. ಗಾಲಿ ಸರಿಸುವ ಮೊದಲು ನಾಲ್ಕನ್ನೂ ಬಿಚ್ಚಿಟ್ಟು, ಕೊನೆಗೆ ಅದದೇ ಮೂಲೆಗೆ ಹಾಕಿದರೆ ಮುಗಿಯಿತು. ಹಾಕಿದ ಮೇಲೆ ವಾಲ್ವಿನ ತುದಿಗೆ ಸಾಬೂನು ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಿ.

ಓಡಿಸಿದಾಗ

80ರಿಂದ 100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಹಿಂದೆ ಅಡಗಿದ್ದ ಬ್ಯಾಲೆನ್ಸಿಂಗ್ ದೋಷ ಮುಂದೆ ಬಂದಿದೆ. ಎಂದೂ ಓಡದ ಸ್ಟೆಪ್ನಿಯನ್ನು ಸರದಿಗೆ ತರುವ ಮೊದಲು ಒಮ್ಮೆ ಬ್ಯಾಲೆನ್ಸ್ ಮಾಡಿಸುವುದು ಒಳ್ಳೆಯದು. ಮೊದಲ ಕೆಲವು ನೂರು ಕಿಲೋಮೀಟರ್ ‘ಗುಂಯ್’ ಎಂಬ ಸದ್ದು ಬರಬಹುದು. ಅಡ್ಡಕ್ಕೆ ಬಂದ ಟೈರು ಈಗ ತಿರುವುಮುರುವು ಉರುಳುತ್ತಿದೆ, ಅಂಚು ಸಮವಾದಂತೆ ಅಡಗುತ್ತದೆ. ಕಾರು ಹೊಸದಾಗಿ ಒಂದು ಬದಿಗೆ ಎಳೆಯತೊಡಗಿದರೆ ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮೊದಲು ಮುಂದಿನ ಎರಡನ್ನು ಎಡ ಬಲ ಬದಲಿಸಿ ನೋಡಿ, ಬಾಣದ ಗುರುತಿನ ಟೈರಲ್ಲದಿದ್ದರೆ. ಎಳೆತ ದಿಕ್ಕು ಬದಲಿಸಿದರೆ ತಪ್ಪು ಟೈರಿನದ್ದು.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಗಾಲಿ ತಣ್ಣಗಿರುವಾಗ, ಎಲ್ಲ ನಟ್ಟಿಗೂ ಮತ್ತೊಮ್ಮೆ ಟಾರ್ಕ್ ಪಾನ ಹಚ್ಚಿ. ಅಲಾಯ್ ರಿಮ್ಮಿನಲ್ಲಿ ಒಂದೆರಡು ನಟ್ಟು ‘ಕಟ್’ ಎನ್ನುವ ಮೊದಲು ಚೂರು ತಿರುಗುತ್ತವೆ. ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದರೆ ಆ ಗಾಲಿ ಬಿಚ್ಚಿ ಹಬ್ಬಿನ ಮುಖ ಮತ್ತೆ ನೋಡಿ. ಪುಸ್ತಕದಲ್ಲಿ ತಾರೀಖು, ಓಡೋಮೀಟರ್ ಅಂಕಿ, ಐದೂ ಟೈರಿನ ಆಳ, ಈಗ ಡಿಕ್ಕಿಯಲ್ಲಿ ಮಲಗಿರುವುದು ಯಾವುದು ಎಂದು ಬರೆದಿಡಿ. 10,000 ಕಿಲೋಮೀಟರಿನ ನಂತರ ಅದೇ ಮೊದಲು ಹೊರಬರಬೇಕಾದದ್ದು, ಮತ್ತೆ ಹಿಂ-ಬ ಮೂಲೆಯಿಂದಲೇ ಶುರು.